ಎಂಟರಲ್ಲಿ ಒಬ್ಬಳಿಗೆ ಹುಟ್ಟಿನಿಂದಲೇ ಬಂದದ್ದು

ಆಫ್ರಿಕಾದ ಹೆಂಗಸರಿಗೆ ಸ್ತನ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ ಏಕೆ? ಉತ್ತರದ ಒಂದು ಪಾಲು ವಂಶವಾಹಿಯಲ್ಲಿದೆ, ಎಲ್ಲವೂ ಅಲ್ಲಿಲ್ಲ

ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾದ ಹೆಂಗಸರನ್ನೆಲ್ಲ ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವಾಕೆಗೆ 62 ವರ್ಷ. ನೈಜೀರಿಯಾದ ಇಬಾದನ್ ನಗರದಲ್ಲಿ ಸಂಶೋಧಕರು ಅಧ್ಯಯನಕ್ಕೆ ಸೇರಿಸಿಕೊಂಡ 1,136 ರೋಗಿಗಳ ಸರಾಸರಿ ವಯಸ್ಸು ನಲವತ್ತೇಳೂವರೆ. ಒಂದು ಕಡೆ ಮೊಮ್ಮಕ್ಕಳನ್ನು ಆಡಿಸುವ ವಯಸ್ಸು, ಇನ್ನೊಂದು ಕಡೆ ಮಕ್ಕಳ ಶಾಲೆಯ ಫೀಸು ಕಟ್ಟುವ ವಯಸ್ಸು. ನಡುವಿನ ಅಂತರ ಹತ್ತಿರ ಹತ್ತಿರ ಹದಿನೈದು ವರ್ಷ.

ಈ ಅಂತರ ಎಲ್ಲಿಂದ ಬಂತು?

'ಆಫ್ರಿಕನ್ನರ ರಕ್ತದಲ್ಲೇ ಏನೋ ಇದೆ' ಎಂಬುದು ಥಟ್ಟನೆ ಹೊಳೆಯುವ ಉತ್ತರ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕಳೆದ ಎರಡು ಮೂರು ದಶಕಗಳ ಸಂಶೋಧನೆ ಈ ಗಂಟನ್ನು ಒಂದೊಂದೇ ಎಳೆಯಾಗಿ ಬಿಡಿಸಿದೆ. ಅದರಲ್ಲೊಂದು ಎಳೆ ಬರೀ ಜನಗಣತಿಯ ಲೆಕ್ಕ. ಇನ್ನೊಂದು, ಅಪ್ಪ ಅಮ್ಮಂದಿರಿಂದ ಬಂದ ವಂಶವಾಹಿಯ ದೋಷ. ಇವೆರಡರ ಜೊತೆಗೆ ಗಡ್ಡೆಯ ಜಾತಿ ಮತ್ತು ಆಸ್ಪತ್ರೆ ಮುಟ್ಟುವಲ್ಲಿ ಆಗುವ ತಡ. ಒಂದೊಂದಕ್ಕೂ ಮದ್ದು ಬೇರೆ ಬೇರೆ ಆಗಿರುವುದರಿಂದ ಯಾವುದು ಎಷ್ಟು ಎಂದು ತಿಳಿಯುವುದು ಮುಖ್ಯ.

ಮೊದಲು ಜನಗಣತಿಯ ಲೆಕ್ಕ

ನೈಜೀರಿಯಾದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇನ್ನೂ ಇಪ್ಪತ್ತು ತುಂಬಿಲ್ಲ. ಅರವತ್ತು ದಾಟಿದ ಹೆಂಗಸರೇ ಕಡಿಮೆ ಇರುವ ಊರಿನಲ್ಲಿ ಅರವತ್ತು ದಾಟಿದ ರೋಗಿಗಳೂ ಕಡಿಮೆಯೇ. ಹಾಗಾಗಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕಾಣುವ ಸರಾಸರಿ ವಯಸ್ಸು ತಾನಾಗಿಯೇ ಕೆಳಗಿಳಿಯುತ್ತದೆ. ವಯಸ್ಸುವಾರು ದರ ತೆಗೆದು ನೋಡಿದರೆ ಆಫ್ರಿಕಾದಲ್ಲೂ ವಯಸ್ಸು ಏರಿದಂತೆ ಅಪಾಯ ಏರುತ್ತದೆ. ಭಾರತದಲ್ಲೂ ಸ್ತನ ಕ್ಯಾನ್ಸರ್ ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಅದರ ಹಿಂದೆಯೂ ಒಂದು ಪಾಲು ಇದೇ ಲೆಕ್ಕವಿದೆ.

ಆದರೆ ಮೂವತ್ತರ ಆಸುಪಾಸಿನಲ್ಲಿ, ಎದೆಹಾಲು ಕುಡಿಯುವ ಮಗುವಿನೊಂದಿಗೆ ಬರುವ ರೋಗಿಗಳ ಕತೆಯನ್ನೆಲ್ಲ ಜನಗಣತಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಹಾಗೆ ಕೈತೊಳೆದುಕೊಳ್ಳಲು ಒಪ್ಪದವರಲ್ಲಿ ಒಬ್ಬರು ಒಲುಫುನ್ಮಿಲಾಯೊ ಒಲೊಪಾಡೆ.

ಇಬಾದನ್‌ನಿಂದ ಚಿಕಾಗೊಗೆ, ಚಿಕಾಗೊದಿಂದ ಇಬಾದನ್‌ಗೆ

ಒಲೊಪಾಡೆ ನೈಜೀರಿಯಾದವರು. ಇಬಾದನ್ ವಿಶ್ವವಿದ್ಯಾಲಯದಲ್ಲಿ 1980ರಲ್ಲಿ ವೈದ್ಯ ಪದವಿ ಪಡೆದು ಅಮೆರಿಕಕ್ಕೆ ಹೋದವರು. ಚಿಕಾಗೊ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಅವರು ಒಂದು ಹೊಸ ಬಗೆಯ ಚಿಕಿತ್ಸಾಲಯ ತೆರೆದರು. ಕ್ಯಾನ್ಸರ್ ಬಂದವರ ಜೊತೆಗೆ, ಅದು ಬರುವ ಸಾಧ್ಯತೆ ಇದೆಯೇ ಎಂದು ತಿಳಿಯಲು ಬಯಸುವ ಕುಟುಂಬಗಳಿಗೂ ಅಲ್ಲಿ ಬಾಗಿಲು ತೆರೆದಿತ್ತು. ಚಿಕಾಗೊದ ದಕ್ಷಿಣ ಭಾಗದ ಕಪ್ಪು ಜನರ ಬಡಾವಣೆಗಳಿಂದ ಬರುತ್ತಿದ್ದ ಎಳೆ ವಯಸ್ಸಿನ ರೋಗಿಗಳಿಗೂ ತಮ್ಮ ದೇಶದ ರೋಗಿಗಳಿಗೂ ಇದ್ದ ಹೋಲಿಕೆ ಅವರ ಕಣ್ಣಿಗೆ ಬಿತ್ತು. ಗಡ್ಡೆ ಬೇಗ ಬೆಳೆಯುವ ಬಗೆ, ರೋಗ ಕಾಣಿಸಿಕೊಳ್ಳುವ ವಯಸ್ಸು ಎರಡೂ ಕಡೆ ಒಂದೇ ತೆರನಾಗಿದ್ದವು. ಸಾಗರದ ಆಚೆ ಈಚೆ ಇರುವ ಈ ಎರಡು ಗುಂಪುಗಳ ಪೂರ್ವಜರು ಒಂದೇ ಕರಾವಳಿಯವರು.

1998ರಲ್ಲಿ ಇಬಾದನ್‌ನಲ್ಲಿ ನೈಜೀರಿಯಾ ಸ್ತನ ಕ್ಯಾನ್ಸರ್ ಅಧ್ಯಯನ ಶುರುವಾಯಿತು. ರೋಗಿಗಳಿಂದಲೂ ಅದೇ ಸುತ್ತಮುತ್ತಲಿನ ಆರೋಗ್ಯವಂತ ಹೆಂಗಸರಿಂದಲೂ ರಕ್ತದ ಮಾದರಿ ಸಂಗ್ರಹವಾಯಿತು. ಆ ಮಾದರಿಗಳನ್ನು ಓದಲು ಕೈಜೋಡಿಸಿದವರು ಮೇರಿ-ಕ್ಲೇರ್ ಕಿಂಗ್. ಸ್ತನ ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ, ಅದಕ್ಕೆ ಕಾರಣವಾದ ವಂಶವಾಹಿ 17ನೇ ವರ್ಣತಂತುವಿನ ಮೇಲಿದೆ ಎಂದು 1990ರಲ್ಲಿ ತೋರಿಸಿಕೊಟ್ಟ ವಿಜ್ಞಾನಿ ಅವರೇ. ಅದೇ ಮುಂದೆ ಬಿಆರ್‌ಸಿಎ1 ಎಂದು ಹೆಸರಾಯಿತು. 1994ರಲ್ಲಿ ಅದರ ಪೂರ್ತಿ ಅಕ್ಷರಮಾಲೆ ಸಿಕ್ಕಿತು. ಮರುವರ್ಷವೇ 13ನೇ ವರ್ಣತಂತುವಿನ ಬಿಆರ್‌ಸಿಎ2 ಕೂಡ ಕೈಗೆ ಬಂತು.

ಇಬಾದನ್ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. 1,136 ರೋಗಿಗಳಲ್ಲಿ ನೂರಕ್ಕೆ 7 ಮಂದಿಗೆ ಬಿಆರ್‌ಸಿಎ1, ನೂರಕ್ಕೆ 4.1 ಮಂದಿಗೆ ಬಿಆರ್‌ಸಿಎ2, ನೂರಕ್ಕೊಬ್ಬರಿಗೆ ಪಿಎಎಲ್‌ಬಿ2, ಇನ್ನು ಕೆಲವರಿಗೆ ಟಿಪಿ53 ವಂಶವಾಹಿಯಲ್ಲಿ ಹುಟ್ಟಿನಿಂದಲೇ ದೋಷವಿತ್ತು. ಈ ನಾಲ್ಕನ್ನು ಕೂಡಿದರೆ ನೂರಕ್ಕೆ ಹನ್ನೆರಡೂವರೆ, ಅಂದರೆ ಎಂಟರಲ್ಲಿ ಒಬ್ಬಳು. ಕ್ಯಾನ್ಸರಿಗೆ ನಂಟಿರುವ ಇತರ ವಂಶವಾಹಿಗಳನ್ನೂ ಸೇರಿಸಿದರೆ ಪ್ರಮಾಣ ನೂರಕ್ಕೆ 14.7ಕ್ಕೆ ಏರುತ್ತದೆ. ಹೋಲಿಕೆಗೆಂದು ಆರಿಸಿದ 997 ಆರೋಗ್ಯವಂತ ಹೆಂಗಸರಲ್ಲಿ ಇಂಥ ದೋಷ ಇದ್ದದ್ದು ನೂರಕ್ಕೆ ಇಬ್ಬರಿಗೂ ಕಡಿಮೆ. ಬಿಆರ್‌ಸಿಎ1 ದೋಷ ಹೊತ್ತವರಿಗೆ ರೋಗದ ಅಪಾಯ ಇಪ್ಪತ್ತು ಪಟ್ಟಿಗೂ ಮಿಗಿಲು. ಅವರಿಗೆ ಕಾಯಿಲೆ ಬಂದದ್ದೂ ಉಳಿದವರಿಗಿಂತ ಚಿಕ್ಕ ವಯಸ್ಸಿನಲ್ಲಿ.

ಈ ರೋಗಿಗಳನ್ನು ಕುಟುಂಬದ ಚರಿತ್ರೆ ನೋಡಿ ಆರಿಸಿರಲಿಲ್ಲ ಎಂಬುದನ್ನು ಮರೆಯಬಾರದು. ಆಸ್ಪತ್ರೆಗೆ ಬಂದವರನ್ನೆಲ್ಲ ಪರೀಕ್ಷಿಸಿದಾಗ ಸಿಕ್ಕ ಪ್ರಮಾಣವಿದು. ಮುಂದೆ ಇದೇ ಬಳಗದ ಸಂಶೋಧಕರು ಉಗಾಂಡ ಮತ್ತು ಕ್ಯಾಮರೂನ್‌ಗಳಲ್ಲಿ ನಡೆಸಿದ ಅಧ್ಯಯನದಲ್ಲೂ ಬಿಆರ್‌ಸಿಎ ಜೋಡಿಯೇ ಮುಂಚೂಣಿಯಲ್ಲಿತ್ತು.

ಒಂದೇ ಒಂದು ಅಕ್ಷರ

ಈ ದೋಷ ಎಂದರೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನೈಜೀರಿಯಾದ ರೋಗಿಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಒಂದು ಬದಲಾವಣೆ ಬಿಆರ್‌ಸಿಎ1 ವಂಶವಾಹಿಯ 303ನೇ ಅಕ್ಷರದಲ್ಲಿದೆ. ಅಲ್ಲಿ 'ಟಿ' ಇರಬೇಕಾಗಿತ್ತು, 'ಜಿ' ಇದೆ. ಜೀವಕೋಶ ಈ ಅಕ್ಷರಗಳನ್ನು ಮೂರು ಮೂರರ ಗುಂಪಾಗಿ ಓದಿ, ಒಂದೊಂದು ಗುಂಪಿಗೆ ಒಂದೊಂದು ಅಮೈನೊ ಆಮ್ಲ ಪೋಣಿಸುತ್ತ ಪ್ರೋಟೀನ್ ಕಟ್ಟುತ್ತದೆ. 101ನೇ ಗುಂಪು 'ಟಿಎಟಿ' ಆಗಿದ್ದರೆ ಟೈರೋಸಿನ್ ಎಂಬ ಅಮೈನೊ ಆಮ್ಲ ಸೇರಿ ಕೆಲಸ ಮುಂದುವರಿಯುತ್ತದೆ. ಅದೇ 'ಟಿಎಜಿ' ಆಯಿತೆಂದರೆ ಜೀವಕೋಶಕ್ಕೆ ಅದು 'ಇಲ್ಲಿಗೆ ನಿಲ್ಲಿಸು' ಎಂಬ ಆಜ್ಞೆ. 1,863 ಅಮೈನೊ ಆಮ್ಲಗಳಷ್ಟು ಉದ್ದ ಬೆಳೆಯಬೇಕಿದ್ದ ಪ್ರೋಟೀನಿನ ಕಟ್ಟೋಣ ನೂರಕ್ಕೇ ನಿಂತುಹೋಗುತ್ತದೆ.

ಆ ಪ್ರೋಟೀನ್ ಮಾಡಬೇಕಿದ್ದ ಕೆಲಸ ದುರಸ್ತಿ. ಜೀವಕೋಶದ ಡಿಎನ್‌ಎ ಆಗಾಗ ತುಂಡಾಗುತ್ತಲೇ ಇರುತ್ತದೆ. ಎರಡೂ ಎಳೆ ಒಟ್ಟಿಗೆ ಕಡಿದುಹೋದಾಗ, ಅಕ್ಷರ ತಪ್ಪದಂತೆ ಬೆಸೆಯುವ ಬಳಗದಲ್ಲಿ ಬಿಆರ್‌ಸಿಎ1, ಬಿಆರ್‌ಸಿಎ2, ಪಿಎಎಲ್‌ಬಿ2 ಮೂರೂ ಇವೆ. ಪ್ರತಿಯೊಬ್ಬರಿಗೂ ಈ ವಂಶವಾಹಿಗಳ ಎರಡೆರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ತೂಗಿಸುತ್ತದೆ. ಎರಡು ಹಗ್ಗಕ್ಕೆ ಕಟ್ಟಿದ ತೊಟ್ಟಿಲಿನಲ್ಲಿ ಒಂದು ಹಗ್ಗ ಹುಟ್ಟುವಾಗಲೇ ಹರಿದಿದ್ದಂತೆ ಇದು. ತೊಟ್ಟಿಲು ಬೀಳುವುದೇನಿಲ್ಲ, ಆದರೆ ಉಳಿದೊಂದು ಹಗ್ಗಕ್ಕೆ ಏಟು ಬಿದ್ದರೆ ಆಸರೆಯಿಲ್ಲ. ಸ್ತನದ ಯಾವುದೋ ಒಂದು ಜೀವಕೋಶದಲ್ಲಿ ಆ ಎರಡನೇ ಪ್ರತಿಯೂ ಕೆಟ್ಟಾಗ ತಪ್ಪುಗಳು ತಿದ್ದುವವರಿಲ್ಲದೆ ಪೇರಿಕೊಳ್ಳುತ್ತವೆ. ಉಳಿದವರಿಗೆ ಎರಡು ಏಟು ಬೀಳಬೇಕಾದಲ್ಲಿ ಇವರಿಗೆ ಒಂದೇ ಸಾಕು. ವಂಶಪಾರಂಪರ್ಯದ ಕ್ಯಾನ್ಸರ್ ಬೇಗ ಬರುವುದು ಇದೇ ಕಾರಣಕ್ಕೆ. 2017ರಲ್ಲಿ ಪ್ರಕಟವಾದ, ಬಹುಪಾಲು ಯುರೋಪ್ ಮೂಲದ ಕುಟುಂಬಗಳ ದೊಡ್ಡ ಅಧ್ಯಯನದ ಪ್ರಕಾರ ಬಿಆರ್‌ಸಿಎ1 ದೋಷ ಹೊತ್ತ ನೂರು ಹೆಂಗಸರಲ್ಲಿ ಸುಮಾರು 72 ಮಂದಿಗೆ 80 ವರ್ಷ ತುಂಬುವುದರೊಳಗೆ ಸ್ತನ ಕ್ಯಾನ್ಸರ್ ಬರುತ್ತದೆ. ಅಂಡಾಶಯದ ಕ್ಯಾನ್ಸರಿನ ಅಪಾಯ ಬೇರೆ.

ಹಡಗು ಹತ್ತಿ ಹೋದ ಹತ್ತು ಅಕ್ಷರಗಳು

ಬಿಆರ್‌ಸಿಎ1ರಲ್ಲೇ ಇನ್ನೊಂದು ದೋಷವಿದೆ. ಅಲ್ಲಿ ಹತ್ತು ಅಕ್ಷರಗಳ ಒಂದು ತುಣುಕು ಎರಡು ಸಲ ಬರೆದುಹೋಗಿದೆ. ಮೂರು ಮೂರಾಗಿ ಓದುವ ಜೀವಕೋಶಕ್ಕೆ ಹೆಚ್ಚುವರಿ ಹತ್ತು ಅಕ್ಷರ ಸಿಕ್ಕರೆ ಅಲ್ಲಿಂದ ಮುಂದಿನ ಗುಂಪುಗಳೆಲ್ಲ ಜರುಗಿ ಓದು ಎಕ್ಕುಟ್ಟಿಹೋಗುತ್ತದೆ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ದೋಷವನ್ನು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್, ಕೆರಿಬಿಯನ್ ಕಡೆಯ ಬಹಾಮಾಸ್ ಮತ್ತು ಅಮೆರಿಕದ ಆಗ್ನೇಯ ರಾಜ್ಯಗಳ ಕುಟುಂಬಗಳಲ್ಲಿ ಗುರುತಿಸಿತು. ಅಕ್ಕಪಕ್ಕದ ಡಿಎನ್‌ಎ ಗುರುತುಗಳೂ ತಾಳೆಯಾದವು, ಅಂದರೆ ಮೂಲ ಒಂದೇ. ಆಮೇಲೆ ಸೆನೆಗಲ್‌ನಲ್ಲೂ ಅದು ಸಿಕ್ಕಿತು. ಗುಲಾಮರ ಹಡಗುಗಳು ಸಾಗಿದ ದಾರಿಯನ್ನು ಇತಿಹಾಸಕಾರರು ಕಡತಗಳಲ್ಲಿ ಹುಡುಕಿದರೆ, ಇಲ್ಲಿ ಅದೇ ದಾರಿ ರೋಗಿಗಳ ರಕ್ತದಲ್ಲಿ ದಾಖಲಾಗಿದೆ.

ಬಹಾಮಾಸ್‌ನ ಕತೆ ಇನ್ನೂ ಕಣ್ತೆರೆಸುವಂಥದ್ದು. ಆ ದ್ವೀಪಗಳ ಹತ್ತರಲ್ಲಿ ಒಂಬತ್ತು ಮಂದಿ ಆಫ್ರಿಕಾ ಮೂಲದವರು. 2011ರಲ್ಲಿ ಅಲ್ಲಿನ 214 ಸ್ತನ ಕ್ಯಾನ್ಸರ್ ರೋಗಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ 23 ಮಂದಿಗೆ ಬಿಆರ್‌ಸಿಎ1 ದೋಷವಿತ್ತು. ಎಲ್ಲವೂ ಕೇವಲ ಆರು ಬಗೆಯ ಬದಲಾವಣೆಗಳಲ್ಲಿ ಅಡಗಿದ್ದವು. ಕೆಲವೇ ಪೂರ್ವಜರಿಂದ ಬೆಳೆದ ಪುಟ್ಟ ಸಮುದಾಯಗಳಲ್ಲಿ ಹೀಗಾಗುತ್ತದೆ. ಅಷ್ಕೆನಾಜಿ ಯಹೂದಿಗಳಲ್ಲಿ ಮೂರು ದೋಷಗಳು ಹೀಗೆಯೇ ಹರಡಿ, ಸುಮಾರು ನಲವತ್ತರಲ್ಲಿ ಒಬ್ಬರು ಅವುಗಳಲ್ಲಿ ಒಂದನ್ನು ಹೊತ್ತಿರುತ್ತಾರೆ. ಇಂಥ ಕಡೆ ಪರೀಕ್ಷೆ ಸಲೀಸು, ಆ ಮೂರೋ ಆರೋ ಜಾಗ ನೋಡಿದರೆ ಮುಗಿಯಿತು.

ದಕ್ಷಿಣ ಆಫ್ರಿಕಾದ ಬಿಳಿಯ ಆಫ್ರಿಕಾನರ್ ಸಮುದಾಯದಲ್ಲೂ ಹೀಗೆ ಮರುಕಳಿಸುವ ದೋಷಗಳನ್ನು ಹಿಂದೆಯೇ ಗುರುತಿಸಲಾಗಿತ್ತು. ಅದೇ ಚಿಕ್ಕ ಪಟ್ಟಿ ಹಿಡಿದು ಕಪ್ಪು ರೋಗಿಗಳನ್ನು ಪರೀಕ್ಷಿಸಿದರೆ ಫಲಿತಾಂಶ 'ಏನೂ ಇಲ್ಲ' ಎಂದೇ ಬರಬೇಕು. ಇಲ್ಲದ ಜಾಗದಲ್ಲಿ ಹುಡುಕಿದ ಮೇಲೆ ಇನ್ನೇನು? ವೆಸ್ಟರ್ನ್ ಕೇಪ್ ಪ್ರಾಂತ್ಯದ ಷೋಸಾ ಮತ್ತು ಮಿಶ್ರ ಮೂಲದ ಸಮುದಾಯಗಳಲ್ಲಿ ಬಿಆರ್‌ಸಿಎ2ರ ಬೇರೆಯದೇ ಒಂದು ದೋಷ ಮರುಕಳಿಸುತ್ತದೆಂದು ವರದಿಯಾದದ್ದು 2012ರಲ್ಲಿ. ಬೆಂಗಳೂರಿನಲ್ಲೂ ಇದಕ್ಕೆ ಹತ್ತಿರದ ಅನುಭವವಿದೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕಿದ್ವಾಯಿ ಸಂಸ್ಥೆಯ ಸಂಶೋಧಕರು ದಕ್ಷಿಣ ಭಾರತದ ರೋಗಿಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಹೂದಿಗಳಲ್ಲಿ ಹೆಸರಾದ ಒಂದು ದೋಷದ ಜೊತೆಗೆ ಅದುವರೆಗೆ ಎಲ್ಲೂ ವರದಿಯಾಗದ ನಾಲ್ಕು ದೋಷಗಳೂ ಸಿಕ್ಕಿದವು.

ಅರ್ಥವಾಗದ ವರದಿಗಳು

ಮನುಷ್ಯಕುಲ ಅತಿ ಹೆಚ್ಚು ಕಾಲ ಬಾಳಿದ ನೆಲ ಆಫ್ರಿಕಾ. ಹಾಗಾಗಿ ವಂಶವಾಹಿಗಳ ವೈವಿಧ್ಯವೂ ಅಲ್ಲೇ ಹೆಚ್ಚು. 2020ರಲ್ಲಿ ಎಚ್3ಆಫ್ರಿಕಾ ಯೋಜನೆಯ ವಿಜ್ಞಾನಿಗಳು 50 ಭಾಷಿಕ ಸಮುದಾಯಗಳ 426 ಮಂದಿಯ ಜೀನೋಮ್ ಓದಿದಾಗ, ಅದುವರೆಗೆ ಯಾವ ದಾಖಲೆಯಲ್ಲೂ ಇಲ್ಲದ 30 ಲಕ್ಷಕ್ಕೂ ಹೆಚ್ಚು ಬದಲಾವಣೆಗಳು ಸಿಕ್ಕವು. ಆದರೆ 2019ರ ಲೆಕ್ಕದಂತೆ ರೋಗಗಳ ವಂಶವಾಹಿ ನಂಟು ಹುಡುಕುವ ಜಾಗತಿಕ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ನೂರಕ್ಕೆ 78 ಮಂದಿ ಯುರೋಪ್ ಮೂಲದವರು, ಆಫ್ರಿಕನ್ನರು ಬರೀ ಇಬ್ಬರು.

ಇದರ ಫಲ ನೇರವಾಗಿ ರೋಗಿಯ ಕೈಯಲ್ಲಿರುವ ವರದಿಯ ಮೇಲೆ ಬೀಳುತ್ತದೆ. ಬಿಆರ್‌ಸಿಎ ವಂಶವಾಹಿಯಲ್ಲಿ ಕಾಣುವ ಬದಲಾವಣೆಗಳೆಲ್ಲ ಅಪಾಯಕಾರಿಯಲ್ಲ, ಎಷ್ಟೋ ನಿರುಪದ್ರವಿಗಳು. ಯಾವುದು ಯಾವ ಗುಂಪಿನದು ಎಂದು ಹೇಳಲು ಅದೇ ಬದಲಾವಣೆ ಹೊತ್ತ ಸಾಕಷ್ಟು ಜನರ ಮಾಹಿತಿ ಬೇಕು. ಅದಿಲ್ಲದಿದ್ದಾಗ ಪ್ರಯೋಗಾಲಯ 'ಮಹತ್ವ ಖಚಿತವಿಲ್ಲ' ಎಂದು ಬರೆದು ಕಳಿಸುತ್ತದೆ. ಇಂಥ ಷರಾ ಆಫ್ರಿಕಾ ಮೂಲದವರ ವರದಿಗಳಲ್ಲಿ ಯುರೋಪ್ ಮೂಲದವರಿಗಿಂತ ಹೆಚ್ಚು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೋ ಬೇಡವೋ ಎಂದು ತಿಳಿಯಲು ಬಂದವಳು ಬಂದಾಗ ಇದ್ದ ಗೊಂದಲವನ್ನೇ ಹೊತ್ತು ಮರಳುತ್ತಾಳೆ.

ಹಣದ ಅಡ್ಡಿಯೂ ಇತ್ತು. ಬಿಆರ್‌ಸಿಎ ವಂಶವಾಹಿಗಳ ಪೇಟೆಂಟ್ ಅಮೆರಿಕದ ಮಿರಿಯಡ್ ಜೆನೆಟಿಕ್ಸ್ ಕಂಪನಿಯ ಕೈಯಲ್ಲಿದ್ದಾಗ ಅಲ್ಲಿ ಪೂರ್ತಿ ಪರೀಕ್ಷೆಗೆ 3,000 ಡಾಲರಿಗೂ ಹೆಚ್ಚು ತೆರಬೇಕಿತ್ತು. ನಿಸರ್ಗದಲ್ಲಿರುವ ಡಿಎನ್‌ಎಗೆ ಪೇಟೆಂಟ್ ಸಲ್ಲದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2013ರ ಜೂನ್‌ನಲ್ಲಿ ತೀರ್ಪು ಕೊಟ್ಟ ಮೇಲೆ ಪೈಪೋಟಿ ಬಂದು ಬೆಲೆ ಇಳಿಯಿತು.

ಗಡ್ಡೆಯ ಜಾತಿ

ಸ್ತನ ಕ್ಯಾನ್ಸರ್ ಒಂದೇ ರೋಗವಲ್ಲ. ಗಡ್ಡೆಯ ಜೀವಕೋಶಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್, ಎಚ್‌ಇಆರ್2 ಎಂಬ ಮೂರು ಗ್ರಾಹಕಗಳಿವೆಯೇ ಎಂದು ವೈದ್ಯರು ನೋಡುತ್ತಾರೆ. ಇದ್ದರೆ ಅವುಗಳನ್ನೇ ಗುರಿಯಾಗಿಸುವ ಔಷಧಗಳಿವೆ. ಮೂರೂ ಇಲ್ಲದಿದ್ದರೆ ಅದು 'ಟ್ರಿಪಲ್ ನೆಗೆಟಿವ್', ಬೇಗ ಹಬ್ಬುವ ಜಾತಿ. ಬಿಆರ್‌ಸಿಎ1 ದೋಷದಿಂದ ಬರುವ ಗಡ್ಡೆಗಳು ಹೆಚ್ಚಾಗಿ ಇದೇ ಬಗೆಯವು.

ಅಮೆರಿಕದ ಶಸ್ತ್ರವೈದ್ಯೆ ಲೀಸಾ ನ್ಯೂಮನ್ ಘಾನಾದ ಕುಮಾಸಿ ನಗರದ ಕೊಂಫೊ ಅನೊಕ್ಯೆ ಆಸ್ಪತ್ರೆಯ ಜೊತೆ 2004ರಿಂದ ಕೆಲಸ ಮಾಡುತ್ತ ಬಂದಿದ್ದಾರೆ. ಅವರ ಬಳಗ 2016ರಲ್ಲಿ ಪ್ರಕಟಿಸಿದ ಹೋಲಿಕೆ ಕುತೂಹಲಕಾರಿಯಾಗಿದೆ. ಟ್ರಿಪಲ್ ನೆಗೆಟಿವ್ ಗಡ್ಡೆಗಳ ಪ್ರಮಾಣ ಘಾನಾದ ರೋಗಿಗಳಲ್ಲಿ ನೂರಕ್ಕೆ 53, ಆಫ್ರಿಕನ್ ಅಮೆರಿಕನ್ನರಲ್ಲಿ 30, ಇಥಿಯೋಪಿಯಾದವರಲ್ಲಿ 15. ಬಿಳಿ ಅಮೆರಿಕನ್ನರಲ್ಲೂ ಹೆಚ್ಚುಕಡಿಮೆ ಅಷ್ಟೇ. 'ಆಫ್ರಿಕನ್ ಕ್ಯಾನ್ಸರ್' ಎಂಬ ಮಾತನ್ನು ಈ ಒಂದು ಕೋಷ್ಟಕವೇ ಅಲ್ಲಗಳೆಯುತ್ತದೆ. ಖಂಡದ ಪೂರ್ವಕ್ಕೂ ಪಶ್ಚಿಮಕ್ಕೂ ಇರುವ ಅಂತರ ಇಥಿಯೋಪಿಯಾಕ್ಕೂ ಅಮೆರಿಕಕ್ಕೂ ಇಲ್ಲ. ಒಂದು ಬಗೆಯ ಮಲೇರಿಯಾದಿಂದ ಕಾಪಾಡುವ, ಪಶ್ಚಿಮ ಆಫ್ರಿಕಾದಲ್ಲಿ ಬಹುತೇಕ ಎಲ್ಲರಲ್ಲೂ ಇರುವ 'ಡಫಿ ನಲ್' ಎಂಬ ವಂಶವಾಹಿ ಲಕ್ಷಣಕ್ಕೂ ಈ ಗಡ್ಡೆಗಳಿಗೂ ನಂಟು ಕಾಣುತ್ತದೆ ಎಂದು ಇದೇ ಬಳಗ 2019ರಲ್ಲಿ ವರದಿ ಮಾಡಿತು.

ತಡವಾಗಿ ಬರುವವರು

ಎಂಟರಲ್ಲಿ ಒಬ್ಬಳ ಕತೆ ಇದಾದರೆ ಉಳಿದ ಏಳು ಮಂದಿಯ ಕತೆ ಏನು? ಅವರನ್ನು ಬಾಧಿಸುವುದು ಹೆಚ್ಚಾಗಿ ದೂರ, ದುಡ್ಡು ಮತ್ತು ದಿನಗಳು. ಸಹಾರಾ ಮರುಭೂಮಿಯ ದಕ್ಷಿಣದ 17 ದೇಶಗಳ ಅಧ್ಯಯನಗಳನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ ನೂರರಲ್ಲಿ 77 ರೋಗಿಗಳು ಮೂರನೇ ಅಥವಾ ನಾಲ್ಕನೇ ಹಂತದಲ್ಲಿ ಆಸ್ಪತ್ರೆಗೆ ಬಂದವರು. ನೋವಿಲ್ಲದ ಗಂಟನ್ನು ಯಾರೂ ಕಾಯಿಲೆ ಎಂದುಕೊಳ್ಳುವುದಿಲ್ಲ. ಮೊದಲು ನಾಟಿ ಮದ್ದು, ಆಮೇಲೆ ಪ್ರಾರ್ಥನೆ, ಆಮೇಲೆ ಹತ್ತಿರದ ದವಾಖಾನೆ. ಅಲ್ಲಿ ಕೆಲವೊಮ್ಮೆ ಬಾವು ಎಂದು ಆ್ಯಂಟಿಬಯೋಟಿಕ್ ಕೊಟ್ಟು ಕಳಿಸುತ್ತಾರೆ. ಬಯಾಪ್ಸಿ ಆಗುವ ಹೊತ್ತಿಗೆ ತಿಂಗಳುಗಳು ಉರುಳಿರುತ್ತವೆ.

ಆಫ್ರಿಕಾದ ಹಲವು ದೇಶಗಳಲ್ಲಿ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಎಬಿಸಿ-ಡಿಒ ಅಧ್ಯಯನದಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಸುಮಾರು ಅರ್ಧ. ಐವತ್ತರೊಳಗಿನ ನೂರು ಹೆಂಗಸರು ಸ್ತನ ಕ್ಯಾನ್ಸರಿನಿಂದ ತೀರಿಕೊಂಡರೆ 210 ಮಕ್ಕಳು ತಬ್ಬಲಿಗಳಾಗುತ್ತಾರೆ ಎಂದು ಅದೇ ಅಧ್ಯಯನ ಲೆಕ್ಕ ಹಾಕಿತು. ಚಿಕ್ಕ ವಯಸ್ಸಿನಲ್ಲಿ ಕ್ಯಾನ್ಸರ್ ಬರುವುದು ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಬೇರೆ ಅಂಕಿ ಬೇಕಿಲ್ಲ.

ಗೊತ್ತಾದ ಮೇಲೆ ಏನು?

ಮ್ಯಾಮೊಗ್ರಫಿಯೇ ಸಿಗದ ಊರಿನಲ್ಲಿ ವಂಶವಾಹಿ ಪರೀಕ್ಷೆ ಕೈಗೆಟುಕದ ಐಷಾರಾಮವಲ್ಲವೇ ಎಂದು ಕೇಳಬಹುದು. ಇಬಾದನ್ ಅಧ್ಯಯನದ ಲೇಖಕರ ವಾದ ಇದಕ್ಕೆ ತದ್ವಿರುದ್ಧ. ಎಲ್ಲರಿಗೂ ಮ್ಯಾಮೊಗ್ರಫಿ ಒದಗಿಸಲಾಗದ ದೇಶ ಅತಿ ಹೆಚ್ಚು ಅಪಾಯದಲ್ಲಿರುವವರು ಯಾರೆಂದು ಗುರುತಿಸಿ ಅವರ ಮೇಲೆ ಕಣ್ಣಿಟ್ಟರೆ ಇರುವಷ್ಟು ಸೌಲಭ್ಯವೂ ಸರಿಯಾದ ಕಡೆ ಬಳಕೆಯಾಗುತ್ತದೆ.

ಚಿಕಿತ್ಸೆಯಲ್ಲೂ ಉಪಯೋಗವಿದೆ. ಬಿಆರ್‌ಸಿಎ ಕೆಟ್ಟ ಗಡ್ಡೆಗೆ ತನ್ನ ಡಿಎನ್‌ಎ ಸರಿಯಾಗಿ ದುರಸ್ತಿ ಮಾಡಿಕೊಳ್ಳಲು ಬರುವುದಿಲ್ಲ. ದುರಸ್ತಿಯ ಇನ್ನೊಂದು ದಾರಿಯನ್ನೂ ಮುಚ್ಚಿ ಅದನ್ನು ಸಾಯಿಸುವ ಒಲಾಪರಿಬ್ ಔಷಧಕ್ಕೆ ಅಮೆರಿಕದಲ್ಲಿ 2018ರಲ್ಲಿ ಸ್ತನ ಕ್ಯಾನ್ಸರಿಗೆ ಅನುಮತಿ ಸಿಕ್ಕಿತು. ಅದರ ಬೆಲೆ ಇಬಾದನ್‌ನ ಸಾಮಾನ್ಯ ಕುಟುಂಬದ ಅಳವಿಗೆ ಮೀರಿದ್ದು. ಆದರೆ ಹಳೆಯ, ಅಗ್ಗದ ಕಾರ್ಬೊಪ್ಲಾಟಿನ್ ಕೂಡ ಡಿಎನ್‌ಎಯನ್ನೇ ಹೊಡೆಯುವ ಮದ್ದು. ಅದೇ 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಟಿಎನ್‌ಟಿ ಪ್ರಯೋಗದಲ್ಲಿ, ಹುಟ್ಟಿನಿಂದ ಬಿಆರ್‌ಸಿಎ ದೋಷವಿದ್ದು ಕ್ಯಾನ್ಸರ್ ಹಬ್ಬಿದ್ದ ರೋಗಿಗಳಲ್ಲಿ ನೂರಕ್ಕೆ 68 ಮಂದಿ ಕಾರ್ಬೊಪ್ಲಾಟಿನ್‌ಗೆ ಸ್ಪಂದಿಸಿದರೆ ಡಾಸಿಟಾಕ್ಸೆಲ್‌ಗೆ ಸ್ಪಂದಿಸಿದವರು 33 ಮಂದಿ ಮಾತ್ರ. ಔಷಧದ ಕಪಾಟಿನಲ್ಲಿ ಆಗಲೇ ಇರುವ ಎರಡು ಬಾಟಲಿಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು ಎಂಬುದನ್ನು ರಕ್ತದ ಒಂದು ಪರೀಕ್ಷೆ ಹೇಳಬಲ್ಲದು.

ರೋಗ ಇನ್ನೂ ಬಾರದ ಸಂಬಂಧಿಕರ ವಿಷಯದಲ್ಲಿ ನಿರ್ಧಾರ ಕಷ್ಟ. ಎರಡೂ ಸ್ತನ ತೆಗೆಸಿಕೊಂಡರೆ ಸ್ತನ ಕ್ಯಾನ್ಸರಿನ ಅಪಾಯ ನೂರಕ್ಕೆ ತೊಂಬತ್ತರಷ್ಟು ತಗ್ಗುತ್ತದೆ. ಮಕ್ಕಳಾದ ಮೇಲೆ, 35ರಿಂದ 40ರ ಒಳಗೆ ಅಂಡಾಶಯ ತೆಗೆಸಿಕೊಳ್ಳಲು ಬಿಆರ್‌ಸಿಎ1 ದೋಷವಿರುವವರಿಗೆ ಸಲಹೆ ಕೊಡುತ್ತಾರೆ. ನಟಿ ಏಂಜಲಿನಾ ಜೋಲಿ 2013ರಲ್ಲಿ ತಮ್ಮ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆದಾಗ ಜಗತ್ತು ಚಪ್ಪಾಳೆ ತಟ್ಟಿತು. ಹೆರುವುದು, ಹಾಲೂಡಿಸುವುದರ ಮೇಲೆಯೇ ಹೆಣ್ಣಿನ ಮರ್ಯಾದೆ ನಿಂತಿರುವ ಮನೆಯಲ್ಲಿ, ಕಾಯಿಲೆಯೇ ಇಲ್ಲದ ಮೂವತ್ತರ ಹೆಂಗಸು ಇಂಥ ಮಾತೆತ್ತಿದರೆ ಗಂಡನ ಕಡೆಯವರು ಏನೆನ್ನುತ್ತಾರೆ ಎಂಬುದು ಬೇರೆಯೇ ಪ್ರಶ್ನೆ. ಎಲ್ಲರೂ ಆ ದಾರಿ ಹಿಡಿಯಬೇಕಿಲ್ಲ. ಕ್ರಮವಾಗಿ ಸ್ತನ ತಪಾಸಣೆ, ಸಾಧ್ಯವಿದ್ದಲ್ಲಿ ವರ್ಷಕ್ಕೊಮ್ಮೆ ಎಂಆರ್‌ಐ, ಗಂಟು ಕಂಡ ಕೂಡಲೇ ಬಯಾಪ್ಸಿ, ಇಷ್ಟಾದರೂ ನಡೆದರೆ ನಾಲ್ಕನೇ ಹಂತಕ್ಕೆ ಬರಬಹುದಾದ ರೋಗ ಮೊದಲನೇ ಹಂತದಲ್ಲೇ ಸಿಗುತ್ತದೆ. ಶೇ 60ರಷ್ಟು ಕ್ಯಾನ್ಸರ್ ಮೊದಲೆರಡು ಹಂತಗಳಲ್ಲೇ ಸಿಗಬೇಕು, 60 ದಿನದೊಳಗೆ ರೋಗ ಖಚಿತವಾಗಬೇಕು, ಶೇ 80ರಷ್ಟು ರೋಗಿಗಳು ಚಿಕಿತ್ಸೆ ಪೂರೈಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ದೇಶಗಳ ಮುಂದಿಟ್ಟಿರುವ ಗುರಿ.

ಒಬ್ಬ ರೋಗಿಯಲ್ಲಿ ದೋಷ ಎಲ್ಲಿದೆ ಎಂದು ಒಮ್ಮೆ ಗೊತ್ತಾದರೆ ಸಂಬಂಧಿಕರ ಪರೀಕ್ಷೆ ಅಗ್ಗ. ಇಡೀ ವಂಶವಾಹಿ ಓದಬೇಕಿಲ್ಲ, ಆ ಒಂದು ಜಾಗ ನೋಡಿದರೆ ಸಾಕು. ಒಡಹುಟ್ಟಿದವರಿಗೂ ಮಕ್ಕಳಿಗೂ ದೋಷ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಾರದಿದ್ದವರು ಆ ಚಿಂತೆಯನ್ನು ಅಂದೇ ಬಿಡಬಹುದು. ಈ ಸಾಲಿನಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವವರು ಗಂಡಸರು. ಸ್ತನ ಕ್ಯಾನ್ಸರ್ ಹೆಂಗಸರ ಕಾಯಿಲೆ ಎಂಬ ನಂಬಿಕೆಯಲ್ಲಿ ರೋಗಿಯ ಅಣ್ಣತಮ್ಮಂದಿರನ್ನು ಯಾರೂ ಕರೆಯುವುದಿಲ್ಲ. ಆದರೆ ಅವರೂ ಅಷ್ಟೇ ಪ್ರಮಾಣದಲ್ಲಿ ದೋಷ ಹೊತ್ತಿರುತ್ತಾರೆ, ಎಷ್ಟೋ ಸಲ ತಮಗೇನೂ ಆಗದೆಯೇ ಮಕ್ಕಳಿಗೆ ದಾಟಿಸುತ್ತಾರೆ. 'ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ' ಎನ್ನುವ ಎಷ್ಟೋ ರೋಗಿಗಳಿಗೆ ಅದು ಬಂದಿರುವುದು ತಂದೆಯ ಕಡೆಯಿಂದ. ಆದ್ದರಿಂದ ಕುಟುಂಬದ ಪಟ್ಟಿ ಬರೆಯಲು ಕುಳಿತ ಆಪ್ತಸಮಾಲೋಚಕರು ಅಮ್ಮ, ಚಿಕ್ಕಮ್ಮಂದಿರ ಜೊತೆಗೆ ಅಪ್ಪ, ಸೋದರತ್ತೆ, ಅಜ್ಜಿಯರನ್ನೂ ಕೇಳುತ್ತಾರೆ. ಮುಂದಿನ ಭೇಟಿಗೆ ಅಣ್ಣನನ್ನೂ ಕರೆತರಲು ಹೇಳುತ್ತಾರೆ.